ಅಂಗಳ ನಮ್ಮದು, ಬೋರ್ಡು ಮಾತ್ರ ಕೋರ್ಟ್‌ಯಾರ್ಡ್!



ಹೊಸ ಶಬ್ದವೊಂದು ನಮ್ಮ ಊರಿಗೆ ಬಂದು ಠಿಕಾಣಿ ಹೂಡಿದೆ. ಕೋರ್ಟ್‌ಯಾರ್ಡ್. ಫ್ಲ್ಯಾಟು ಮಾರುವವರ ಬಾಯಲ್ಲಿ ಅದೇ, ಮದುವೆ ಹಾಲು ಬಾಡಿಗೆಗೆ ಕೊಡುವವರ ಬಾಯಲ್ಲಿ ಅದೇ, ಮಣಿಪಾಲದ ಕಾಫಿ ಅಂಗಡಿಗಳಲ್ಲಿ ಅದೇ, ಕಾಪುವಿನ ಕಡಲ ಬದಿಯ ಹೋಂಸ್ಟೇಗಳಲ್ಲಿಯೂ ಅದೇ. ನಾಲ್ಕು ಕುರ್ಚಿ ಹಾಕಿ ಮೇಲೊಂದು ದೀಪದ ಸರ ಕಟ್ಟಿದರೆ ಕೋರ್ಟ್‌ಯಾರ್ಡ್. ಎರಡು ಕಟ್ಟಡಗಳ ಸಂದಿಯಲ್ಲಿ ಎಂಟು ಹೂಕುಂಡ ಇಟ್ಟರೆ ಅದೂ ಕೋರ್ಟ್‌ಯಾರ್ಡ್. ಕಾರು ನಿಲ್ಲಿಸುವ ಜಾಗಕ್ಕೆ ಇಂಟರ್‌ಲಾಕ್ ಹಾಕಿಸಿದರೆ ಅದಂತೂ ದೊಡ್ಡ ಕೋರ್ಟ್‌ಯಾರ್ಡ್! ಈ ಶಬ್ದ ಕೇಳಿದೊಡನೆ ನಮ್ಮ ಹುಡುಗರಿಗೆ ಎಲ್ಲಿಂದಲೋ ತಂಗಾಳಿ ಬೀಸಿದ ಹಾಗಾಗುತ್ತದೆ. ಅದೇ ಜಾಗವನ್ನು ಅಂಗಳ ಎನ್ನಿ ನೋಡುವ, ಮೂಗಿಗೆ ಸೆಗಣಿ ವಾಸನೆ ಬರುತ್ತದೆ.

ನಾನು ಪಂಡಿತನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕುಳಿತವನು. ಆದರೆ ಮದುವೆಯ ಕರೆಯೋಲೆ, ನೇಮದ ಕರೆಯೋಲೆ, ಯಕ್ಷಗಾನದ ನೋಟೀಸು, ಇಗರ್ಜಿ ಹಬ್ಬದ ಕಾರ್ಡು, ಫ್ಲ್ಯಾಟಿನ ಬ್ರೋಷರು ಎಲ್ಲವೂ ನನ್ನ ಕಣ್ಣೆದುರೇ ಅಚ್ಚಾಗುತ್ತವೆ. ಯಾವ ಶಬ್ದ ಊರೊಳಗೆ ಬಂತು, ಯಾವುದು ಹೊರಗೆ ಹೋಯಿತು ಎಂಬುದು ಕರಡು ತಿದ್ದುವವನಿಗೆ ತಿಳಿದಷ್ಟು ಪ್ರೊಫೆಸರರಿಗೂ ತಿಳಿಯಲಿಕ್ಕಿಲ್ಲ. ಅಷ್ಟು ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಇಂಗ್ಲಿಷಿನವರನ್ನೇ ಕೇಳುವ. ಅವರ ಭಾಷೆಯಲ್ಲಿ ಕೋರ್ಟ್‌ಯಾರ್ಡ್ ಎಂದರೆ ಗೋಡೆಯಿಂದಲೋ ಕಟ್ಟಡಗಳಿಂದಲೋ ಸುತ್ತುವರಿದ, ಮೇಲೆ ಮಾಡಿಲ್ಲದ ಜಾಗ. ಕೋಟೆಯೊಳಗಿನದ್ದು, ಹಳೆಯ ಕಾಲೇಜಿನ ನಡುವಿನದ್ದು, ಕುದುರೆಗಾಡಿ ಬಂದು ನಿಲ್ಲುತ್ತಿದ್ದ ಛತ್ರದ್ದು. ಸುತ್ತ ಕಟ್ಟಡ ಇರಬೇಕು, ಅದು ಮುಖ್ಯ. ಮನೆಯ ಎದುರಿಗೆ ತೆರೆದುಕೊಂಡಿರುವ ನೆಲಕ್ಕೆ ಅಮೆರಿಕದವನಾದರೆ ಫ್ರಂಟ್ ಯಾರ್ಡ್ ಎಂದಾನು, ಇಂಗ್ಲೆಂಡಿನವನಾದರೆ ಫ್ರಂಟ್ ಗಾರ್ಡನ್ ಎಂದಾನು. ಅಂದ ಮೇಲೆ ನಮ್ಮ ಕರಾವಳಿಯ ಮನೆ ಎದುರಿನ ಅಂಗಳ ಇಂಗ್ಲಿಷಿನ ಲೆಕ್ಕದಲ್ಲಿಯೂ ಕೋರ್ಟ್‌ಯಾರ್ಡ್ ಅಲ್ಲ. ಇಂಗ್ಲಿಷ್ ಮೀಡಿಯಂ ಮಕ್ಕಳು ಅಜ್ಜಿಮನೆಯ ಕೋರ್ಟ್‌ಯಾರ್ಡ್ ಎಂದು ಪ್ರಬಂಧ ಬರೆಯುವಾಗ ಕನ್ನಡವೂ ಹೋಯಿತು, ಇಂಗ್ಲಿಷೂ ಸರಿಯಾಗಲಿಲ್ಲ.

ಆ ಶಬ್ದದ ಹುಟ್ಟು ನೋಡಿದರೆ ನಗು ಬರುತ್ತದೆ. ಕೋರ್ಟ್ ಎಂಬುದು ಲ್ಯಾಟಿನ್ನಿನ ಕೋಹಾರ್ಸ್ ಎಂಬ ಶಬ್ದದಿಂದ ಫ್ರೆಂಚಿನ ದಾರಿಯಾಗಿ ಇಂಗ್ಲಿಷಿಗೆ ಬಂದದ್ದು. ಅರ್ಥ, ಸುತ್ತ ಬೇಲಿ ಇರುವ ಜಾಗ. ಯಾರ್ಡ್ ಎಂಬುದು ಇಂಗ್ಲಿಷಿನ ಸ್ವಂತದ ಹಳೆಯ ಶಬ್ದ. ಅರ್ಥ, ಅದೂ ಸುತ್ತ ಬೇಲಿ ಇರುವ ಜಾಗವೇ! ನಾವು 'ನಡುಮಧ್ಯೆ' ಎನ್ನುವ ಹಾಗೆ ಅವರು ಒಂದನ್ನೇ ಎರಡು ಸಲ ಹೇಳಿ ಅಂಟಿಸಿದ್ದಾರೆ. ಆಮೇಲೆ ಆ ಕೋರ್ಟ್ ರಾಜನ ಆಸ್ಥಾನವಾಯಿತು, ನ್ಯಾಯಾಲಯವಾಯಿತು, ಟೆನ್ನಿಸ್ ಆಡುವ ಜಾಗವಾಯಿತು. 1983ರಲ್ಲಿ ಅಮೆರಿಕದ ಮ್ಯಾರಿಯಟ್ ಕಂಪನಿ ಕೋರ್ಟ್‌ಯಾರ್ಡ್ ಎಂಬುದನ್ನು ತನ್ನ ಹೊಟೇಲುಗಳಿಗೆ ಹೆಸರಾಗಿ ಇಟ್ಟಿತು. ಈಗ ಎಷ್ಟೋ ಊರುಗಳಲ್ಲಿ ಕೋರ್ಟ್‌ಯಾರ್ಡ್ ಎಂದರೆ ರಾತ್ರಿಗೆ ಸಿಗುವ ಕೋಣೆ. ಶಬ್ದ ಹೀಗೆ ಬೆಳೆಯುತ್ತದೆ, ನನ್ನ ತಕರಾರಿಲ್ಲ. ಆದರೆ ಅದು ಬೆಳೆದದ್ದು ಅವರ ನೆಲದಲ್ಲಿ, ಅವರ ಕೆಲಸಕ್ಕೆ. ನಮ್ಮ ಹಿರಿಯರಿಗೆ ಕೋರ್ಟ್ ಎಂದರೆ ಜಾಗದ ವ್ಯಾಜ್ಯಕ್ಕೆ ಚಪ್ಪಲಿ ಸವೆಸಿದ ಕಟ್ಟಡ. ಯಾರ್ಡ್ ಎಂದರೆ ಎಪಿಎಂಸಿ ಯಾರ್ಡ್. ಎರಡನ್ನೂ ಕೂಡಿಸಿದರೆ ಅವರು ಏನೆಂದು ತಿಳಿಯಬೇಕು ಮಾರಾಯರೆ?

ಇಂಗ್ಲಿಷಿನ ಅದೇ ಟೆನ್ನಿಸ್ ಕೋರ್ಟಿನ ಮಾತನ್ನು ನಮ್ಮ ಪತ್ರಿಕೆಯವರು ಕನ್ನಡಕ್ಕೆ ತಂದಾಗ 'ಚೆಂಡು ಈಗ ಹೈಕಮಾಂಡ್ ಅಂಗಳದಲ್ಲಿ' ಎಂದು ತಲೆಬರಹ ಕೊಟ್ಟರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ 'ಚಂದ್ರನ ಅಂಗಳ' ಎಂದರು. ಓದಿದವರಿಗೆ ರೋಮಾಂಚನವಾಯಿತು. ಚಂದ್ರನಿಗೆ ಒಪ್ಪುವ ಅಂಗಳ ಮಣಿಪಾಲದ ಫ್ಲ್ಯಾಟಿಗೆ ಒಪ್ಪುವುದಿಲ್ಲ!

ಈಗ ನಮ್ಮದನ್ನು ನೋಡಿ. ಮನೆಯ ಎದುರಿಗಿದ್ದರೆ ಅಂಗಳ, ತುಳುವಿನಲ್ಲಿ ಜಾಲ್. (ಕನ್ನಡದ ಪೇಪರಿನಲ್ಲಿ ತುಳು ಯಾಕೆ ಎಂದು ಹುಬ್ಬೇರಿಸಬೇಡಿ. ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿ ಮಾತಾಡಿ ಬೀದಿಗೆ ಬಂದು ಕನ್ನಡಕ್ಕಾಗಿ ಜಗಳ ಮಾಡುವವರು ನಾವು.) ಮನೆಯ ಹಿಂದಿದ್ದರೆ ಹಿತ್ತಿಲು. ಅಂಗಳ ದಾಟಿ ಮೆಟ್ಟಿಲು ಹತ್ತಿದರೆ ಜಗಲಿ, ಮುಂದೆ ಚಾವಡಿ. ನಾಲ್ಕು ಸುತ್ತಿನ ಮನೆಯ ನಡುವೆ ಆಕಾಶಕ್ಕೆ ತೆರೆದ ಜಾಗ ಇದ್ದರೆ ಅದು ಚೌಕಿಮನೆ. ಘಟ್ಟ ಹತ್ತಿದರೆ ಅದಕ್ಕೇ ತೊಟ್ಟಿಮನೆ ಎನ್ನುತ್ತಾರೆ. ದೇವಸ್ಥಾನದಲ್ಲಿ ಗರ್ಭಗುಡಿಯ ಸುತ್ತಲಿನ ಬಯಲು ಒಳಾಂಗಣ, ಅದನ್ನು ಬಳಸಿ ಬರುವ ಮಾಡು ಸುತ್ತುಪೌಳಿ. ಇನ್ನು ದೇವಸ್ಥಾನವೋ ಇಗರ್ಜಿಯೋ ಮಸೀದಿಯೋ ಶಾಲೆಯೋ, ಒಟ್ಟು ಜಾಗಕ್ಕೆ ವಠಾರ. ಕಾಪು ಮಾರಿಗುಡಿಯ ವಠಾರ ಎಂದು ಬರೆಯುವ ಕೈಯೇ ಕಾರ್ಕಳ ಅತ್ತೂರು ಇಗರ್ಜಿಯ ವಠಾರ ಎಂದೂ ಬರೆಯುತ್ತದೆ, ಯಾವ ಜಾತಿಯವರೂ ಬೇಡ ಎನ್ನುವುದಿಲ್ಲ. ಬೆಂಗಳೂರಿನಲ್ಲಿ ಇದೇ ವಠಾರಕ್ಕೆ ಬೇರೆ ಅರ್ಥ: ಒಂದು ಅಂಗಳದ ಸುತ್ತ ಸಾಲು ಬಾಡಿಗೆ ಮನೆ, ಎಲ್ಲರಿಗೂ ಒಂದೇ ನಲ್ಲಿ, ಬೆಳಗಾದರೆ ಕೊಡಪಾನದ ಜಗಳ. ಇವೆಲ್ಲಕ್ಕೂ ಇಂಗ್ಲಿಷಿನವನು ಒಂದೇ ಮುದ್ರೆ ಒತ್ತುತ್ತಾನೆ. ನಾವೂ ಅವನ ಮುದ್ರೆಯನ್ನೇ ಕೈಯಲ್ಲಿ ಹಿಡಿದುಕೊಂಡಿದ್ದೇವೆ.

ಚೌಕಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇಂಗ್ಲಿಷಿನ ಕೋರ್ಟ್‌ಯಾರ್ಡಿಗೆ ತೂಕಕ್ಕೆ ತೂಕ ಸಮ ನಿಲ್ಲುವ ನಮ್ಮ ಶಬ್ದ ಅದು. ಮಣಿಪಾಲದಲ್ಲಿ ಓದುವ ಹುಡುಗ ಹುಡುಗಿಯರೆ, ನಿಮ್ಮ ಹಾಸ್ಟೆಲಿನ ಹತ್ತಿರವೇ ಅನಂತನಗರದಲ್ಲಿ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆ. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈ ಅವರು ಕಟ್ಟಿದ್ದು. ಬೀಳುತ್ತಿದ್ದ, ಕೆಡವುತ್ತಿದ್ದ ಹಳೆಯ ಮನೆಗಳನ್ನು ಕಂಬ ಕಂಬವಾಗಿ, ಹಲಗೆ ಹಲಗೆಯಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಅದರಲ್ಲಿ ಕಾಪು ಕಡೆಯ ಕುಂಜೂರಿನ ಚೌಕಿಮನೆ ಒಂದು, 1816ರದ್ದು. ಕಾರ್ಕಳ ಕಡೆಯ ಮಿಯಾರಿನ ಮನೆಯೂ ಇದೆ. ಸಿನಿಮಾಕ್ಕೆ ಕೊಡುವ ದುಡ್ಡಿನಲ್ಲಿ ಒಮ್ಮೆ ಹೋಗಿ ಬನ್ನಿ.

ಚೌಕಿಯ ನಡುವೆ ನಿಂತು ತಲೆ ಎತ್ತಿ. ನಾಲ್ಕೂ ಕಡೆಯ ಮಾಡು ಒಳಮುಖವಾಗಿ ಇಳಿದಿರುತ್ತದೆ. ಆಟಿಯ ಮಳೆ ಹೊಯ್ದರೆ ನಾಲ್ಕು ಕಡೆಯ ನೀರೂ ನಡುವಿನ ತಗ್ಗಿಗೆ ಬೀಳಬೇಕು, ನೆಲದಡಿಯ ತೂಬಿನಲ್ಲಿ ಹೊರಗೆ ಹೋಗಬೇಕು. ಕರೆಂಟು ಇಲ್ಲದ ಕಾಲದಲ್ಲಿ ಮನೆಯ ಹೊಟ್ಟೆಯೊಳಗೆ ಬೆಳಕು ಬೀಳುತ್ತಿದ್ದದ್ದು ಅಲ್ಲಿಂದ. ಒಳಗಿನ ಸೆಕೆ ಮೇಲೇರಿ ಹೋಗುತ್ತಿದ್ದದ್ದೂ ಅಲ್ಲಿಂದಲೇ. ಸುತ್ತ ದೇವರಕೋಣೆ, ಅಡಿಗೆಕೋಣೆ, ಮಲಗುವ ಕೋಣೆ, ಎಲ್ಲದಕ್ಕೂ ಬಾಗಿಲು ಆ ಕಡೆಗೆ. ಹೊರಗಿನವರ ಕಣ್ಣಿಗೆ ಬೀಳದೆ ಮನೆಯ ಹೆಂಗಸರು ಆಕಾಶ ನೋಡುತ್ತಿದ್ದ ಜಾಗ ಅದೊಂದೇ ಇದ್ದಿರಬಹುದು. ಇದಿಷ್ಟೂ 'ಚೌಕಿ' ಎಂಬ ಎರಡು ಅಕ್ಷರದಲ್ಲಿ ಕುಳಿತಿದೆ. ಆ ಮನೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗಲೂ 'ಕುಂಜೂರು ಚೌಕಿಮನೆ' ಎಂದೇ ಬರೆಯುತ್ತಾರೆ. ಯಕ್ಷಗಾನದವರಿಗೆ ಚೌಕಿ ಎಂದರೆ ವೇಷ ಕಟ್ಟುವ ಜಾಗ. ಆಟದ ನೋಟೀಸಿನಲ್ಲಿ 'ಚೌಕಿಪೂಜೆ' ಇಲ್ಲದೆ ಹೋದರೆ ಮೇಳದವರು ಕರಡನ್ನು ನನ್ನ ಮುಖಕ್ಕೇ ಎಸೆದಾರು. ಅವರ ಶಬ್ದ ಉಳಿದಿದೆ. ಯಾಕೆಂದರೆ ಅವರು ಅದನ್ನು ಬಿಡಲಿಲ್ಲ.

ಇನ್ನು ಅಂಗಳ. ಅಂಗಳ ಎಂಬುದು ಖಾಲಿ ಜಾಗ ಅಲ್ಲ, ವರ್ಷ ವರ್ಷ ಮಾಡಬೇಕಾದ ಕೆಲಸ. ಮಳೆಗಾಲದಲ್ಲಿ ಮಣ್ಣು ಕೊಚ್ಚಿ ಹೋಗಬಾರದೆಂದು ಅಡಿಕೆ ಸೋಗೆ ಹಾಸುತ್ತಿದ್ದರು. ಮಳೆ ಬಿಟ್ಟ ಮೇಲೆ ಹುಲ್ಲು ಹೆರೆದು, ಕೆಂಪು ಮಣ್ಣು ಹಾಕಿ, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿದು ಬಡಿದು ಸಮ ಮಾಡಿ, ಸೆಗಣಿ ಸಾರಿಸಿದರೆ 'ಅಂಗಳ ಆಯಿತು' ಎನ್ನುತ್ತಿದ್ದರು. ಆಗ ಭತ್ತದ ಸೂಡಿ ಬರುತ್ತಿತ್ತು, ಪಡಿಮಂಚಕ್ಕೆ ಬಡಿಯುವ ಸದ್ದು ರಾತ್ರಿಯೆಲ್ಲ ಕೇಳುತ್ತಿತ್ತು. ಅಡಿಕೆ ಒಣಗುತ್ತಿತ್ತು, ಹಪ್ಪಳ ಒಣಗುತ್ತಿತ್ತು, ಕಾಪುವಿನ ಕಡಲ ಬದಿಯಲ್ಲಾದರೆ ಮೀನು ಒಣಗುತ್ತಿತ್ತು. ದೀಪಾವಳಿಗೆ ಬಲೀಂದ್ರನನ್ನು ಕೂ ಹೊಡೆದು ಕರೆದದ್ದು ಅಲ್ಲಿ. ಆಟಿಯಲ್ಲಿ ಕಳೆಂಜ ತಾಳೆಗರಿಯ ಕೊಡೆ ತಿರುಗಿಸಿ ಕುಣಿದದ್ದು ಅಲ್ಲಿ. ಮಗಳ ಮದುವೆಗೆ ಚಪ್ಪರ ಎದ್ದದ್ದೂ, ಅಜ್ಜನ ಹೆಣ ಕಡೆಯ ಸಲ ಇಳಿದದ್ದೂ ಅಲ್ಲಿಯೇ. ಹೋಂಸ್ಟೇಯ ಕೋರ್ಟ್‌ಯಾರ್ಡಿನಲ್ಲಿ ಹೆಣ ಇಳಿಸಲು ಬಿಡುತ್ತಾರೆಯೇ?

ಹಾಗೆಂದು ಹಳೆಯ ಅಂಗಳವನ್ನು ನಾನು ಹಾಡಿ ಹೊಗಳುತ್ತಿದ್ದೇನೆ ಎಂದು ತಿಳಿಯಬೇಡಿ. ಅದು ಎಲ್ಲರಿಗೂ ಒಂದೇ ಆಗಿರಲಿಲ್ಲ. ಧಣಿ ಚಾವಡಿಯ ಮೇಲೆ, ಗೇಣಿಯ ಅಕ್ಕಿಮುಡಿ ಹೊತ್ತು ತಂದ ಒಕ್ಕಲು ಅಂಗಳದಲ್ಲಿ. ಅಂಗಳಕ್ಕೂ ಕಾಲಿಡಬಾರದವರು ಅದರಾಚೆ. ಅದೇ ಗುತ್ತಿನ ಅಂಗಳದಲ್ಲಿ ನೇಮದ ರಾತ್ರಿ ದೈವ ಕಟ್ಟಿದ ನಲಿಕೆಯವನ, ಪರವನ, ಪಂಬದನ ಮುಂದೆ ಆ ಧಣಿಯೇ ಕೈಮುಗಿದು ನಿಲ್ಲುತ್ತಿದ್ದ. ಬೆಳಗಾದರೆ ಮತ್ತೆ ಅವರವರ ಜಾಗಕ್ಕೆ. ಕೊರಗರನ್ನು ಮನುಷ್ಯರೆಂದೇ ಲೆಕ್ಕಿಸದ ಅಜಲು ಪದ್ಧತಿಯನ್ನು ನಿಷೇಧಿಸಲು ಸರಕಾರ 2000ದಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಎಲ್ಲಿ ನಿಂತವನು ಯಾರು ಎಂಬ ಲೆಕ್ಕವೆಲ್ಲ ಅಂಗಳ, ಜಗಲಿ, ಚಾವಡಿ ಎಂಬ ಶಬ್ದಗಳಲ್ಲಿ ಇದೆ. ಇದನ್ನೆಲ್ಲ ಕೋರ್ಟ್‌ಯಾರ್ಡ್ ಎಂದು ಒಂದೇ ಗುಡಿಸು ಗುಡಿಸಿದರೆ ಧಣಿಯ ಮೊಮ್ಮಗನಿಗೆ ಅನುಕೂಲ. ಒಕ್ಕಲಿನ ಮೊಮ್ಮಗನಿಗೆ ಅವನ ಅಜ್ಜ ಎಲ್ಲಿ ನಿಂತಿದ್ದ ಎಂಬುದೇ ತಿಳಿಯದೆ ಹೋಗುತ್ತದೆ.

ಆ ಮನೆಗಳು ಹೋದದ್ದಕ್ಕೆ ಕಾರಣಗಳಿವೆ. 1949ರ ಅಳಿಯಸಂತಾನ ಕಾಯಿದೆಯ ನಂತರ ಕೂಡುಕುಟುಂಬಗಳು ಪಾಲಾಗತೊಡಗಿದವು. 1974ರ ಭೂಸುಧಾರಣೆಯ ತಿದ್ದುಪಡಿ ಬಂದ ಮೇಲೆ ಉಳುವವನಿಗೆ ಭೂಮಿ ಸಿಕ್ಕಿತು, ಗೇಣಿಯ ಅಕ್ಕಿ ನಿಂತಿತು, ದೊಡ್ಡ ಮನೆಗಳ ಹೆಂಚು ಬದಲಿಸಲು ದುಡ್ಡಿಲ್ಲದಾಯಿತು. ಒಳ್ಳೆಯದೇ ಆಯಿತು ಎನ್ನುವವನು ನಾನು. ಭೂಮಿ ಸಿಕ್ಕಿದ ಒಕ್ಕಲು ಮನೆ ಕಟ್ಟಿಕೊಂಡು ಎದುರಿಗೆ ತನ್ನದೇ ಅಂಗಳ ಮಾಡಿಕೊಂಡ. ಮನೆ ಬದಲಾದರೂ ಶಬ್ದ ಸಾಯಲಿಲ್ಲ. ಅದನ್ನು ಸಾಯಿಸಲು ಹೊರಟದ್ದು ನಾವು, ಇತ್ತೀಚೆಗೆ, ಬೇಕೆಂದೇ.

ಹೇಗೆಂದರೆ ಮೊದಲು ಇಂಟರ್‌ಲಾಕ್. ಈಗ 'ಕಾರು ಅಂಗಳದಲ್ಲಿ ನಿಲ್ಲಿಸು' ಎನ್ನುವುದಿಲ್ಲ, 'ಇಂಟರ್‌ಲಾಕಿನಲ್ಲಿ ನಿಲ್ಲಿಸು' ಎನ್ನುತ್ತಾರೆ. ಮಣ್ಣು ಮುಚ್ಚಿದ ಮೇಲೆ ನೀರು ಇಳಿಯುವುದೆಲ್ಲಿ? 2019ರ ಮೇ ತಿಂಗಳಲ್ಲಿ ಉಡುಪಿ, ಮಣಿಪಾಲದ ಜನ ಬಿಂದಿಗೆ ಹಿಡಿದು ಟ್ಯಾಂಕರು ಕಾದರು. 2020ರ ಸೆಪ್ಟೆಂಬರಿನಲ್ಲಿ ಅದೇ ಉಡುಪಿ ನೆರೆಯಲ್ಲಿ ಮುಳುಗಿತು. ಅದಕ್ಕೆಲ್ಲ ಇಂಟರ್‌ಲಾಕೇ ಕಾರಣ ಎನ್ನುವಷ್ಟು ಮೂರ್ಖನಲ್ಲ ನಾನು. ಆದರೂ ಊರಿನ ಅಂಗಳಗಳನ್ನೆಲ್ಲ ಕಲ್ಲು ಮಾಡಿ ಬಾವಿ ಬತ್ತಿತು ಎಂದು ಅಳುವುದು ಸರಿಯೇ ಯೋಚಿಸಿ.

'ನೀವೂ ಪ್ರೆಸ್ಸು, ಮೆಶಿನ್ನು, ಬ್ರೋಷರು ಎನ್ನುತ್ತೀರಲ್ಲ, ಕೋರ್ಟ್‌ಯಾರ್ಡ್ ಅಂದರೆ ಮಾತ್ರ ಯಾಕೆ ಉರಿ?' ಎಂದು ಕೇಳುವವರಿದ್ದಾರೆ. ಕೇಳಿ. ಪ್ರೆಸ್ಸು ಹೊರಗಿನಿಂದ ಬಂತು, ಹೆಸರನ್ನೂ ತಂದುಕೊಂಡಿತು. ಬಸ್ಸು, ಬ್ಯಾಂಕು ಹಾಗೆಯೇ. ಅಂಗಳ ಎಂಬುದೇ ಸಂಸ್ಕೃತದ ಅಂಗಣದ ತದ್ಭವ. ಸಾಲ ತಂದ ಶಬ್ದಗಳನ್ನೆಲ್ಲ ಹೊರಗೆ ಹಾಕಿದರೆ ನಾವು ಮೂಕರಾಗಬೇಕಾದೀತು. ಆದರೆ ಸಾಲ ಮಾಡಬೇಕಾದ್ದು ಮನೆಯಲ್ಲಿ ಇಲ್ಲದ್ದಕ್ಕೆ. ಕಣಜದಲ್ಲಿ ಭತ್ತ ಇಟ್ಟುಕೊಂಡು ಪಕ್ಕದ ಮನೆಗೆ ಅಕ್ಕಿ ಕೇಳಲು ಹೋಗುವವನಿಗೆ ಏನನ್ನಬೇಕು? ಹಾಗೆ ತಂದದ್ದಾದರೂ ಸರಿಯಾಗಿ ಕೈಗೆ ಬರುತ್ತದೆಯೇ? ಕಂಪೌಂಡು ಎಂಬ ಶಬ್ದ ನೋಡಿ. ಇಂಗ್ಲಿಷಿನಲ್ಲಿ ಅದು ಗೋಡೆಯೊಳಗಿನ ಜಾಗ. ನಮ್ಮಲ್ಲಿ ಕಂಪೌಂಡು ಎಂದರೆ ಗೋಡೆ! ಜಾಗ ಬಿಟ್ಟು ಗೋಡೆ ಹಿಡಿದುಕೊಂಡೆವು. (ಅದೂ ಇಂಗ್ಲಿಷಿನವರ ಸ್ವಂತದ್ದಲ್ಲ, ಮಲಯ ಭಾಷೆಯ ಕಂಪೋಂಗ್‌ನಿಂದ ಬಂದದ್ದು ಎಂದು ಹೆಚ್ಚಿನವರ ಅಭಿಪ್ರಾಯ.) ಇನ್ನೊಂದು ಕಡೆ ಅಂಗನವಾಡಿ ನೋಡಿ. 1975ರಲ್ಲಿ ಕೇಂದ್ರ ಸರಕಾರದ ಯೋಜನೆಯಲ್ಲಿ ಶುರುವಾದದ್ದು. ಅದರೊಳಗಿರುವುದೂ ನಮ್ಮ ಅಂಗಳದ ಅಣ್ಣತಮ್ಮನೇ. ದಿಲ್ಲಿಯ ಇಂಗ್ಲಿಷ್ ಪತ್ರಿಕೆಗಳೂ ಅಂಗನವಾಡಿ ಎಂದೇ ಬರೆಯುತ್ತವೆ. ಬಡವರ ಮಕ್ಕಳು ಗಂಜಿ ಕುಡಿಯುವ ಜಾಗಕ್ಕೆ ಅಂಗಣ, ಉಳ್ಳವರು ಕಾಫಿ ಕುಡಿಯುವ ಜಾಗಕ್ಕೆ ಕೋರ್ಟ್‌ಯಾರ್ಡ್. ಗೊತ್ತಾಯಿತಲ್ಲ ಗುಟ್ಟು?

ಇದರಲ್ಲಿ ದುಡ್ಡಿನ ವಿಷಯವೂ ಇದೆ, ಮುಖ್ಯವಾಗಿ ಈಗ ಸಂಬಳ ಎಣಿಸತೊಡಗಿರುವ ನಿಮಗೆ. ಕೆಲವು ಸಮಯದ ಹಿಂದೆ ಫ್ಲ್ಯಾಟು ಕಟ್ಟುವ ಒಬ್ಬರು ಬ್ರೋಷರು ಮಾಡಿಸಲು ಬಂದರು. ಇಂಗ್ಲಿಷಿನಲ್ಲಿ 'ಲ್ಯಾಂಡ್‌ಸ್ಕೇಪ್ಡ್ ಕೋರ್ಟ್‌ಯಾರ್ಡ್' ಎಂದಿತ್ತು. ಕನ್ನಡ ಪುಟದಲ್ಲಿ ನಾನು 'ಗಿಡಮರಗಳ ಅಂಗಳ' ಎಂದು ಹಾಕಿದೆ. ಕರಡು ವಾಪಸು ಬಂದಾಗ ಅಂಗಳದ ಮೇಲೆ ಕೆಂಪು ಗೀಟು! 'ಅಂಗಳ ಅಂದರೆ ಹಳ್ಳಿ ಅನಿಸುತ್ತದೆ, ರೇಟು ಬರುವುದಿಲ್ಲ' ಎಂದರು. ನಕ್ಷೆ ನೋಡಿದೆ. ಎರಡು ಕಟ್ಟಡಗಳ ನಡುವಿನ ಹನ್ನೆರಡು ಅಡಿಯ ಸಂದಿ, ಒಂದು ಬದಿಯಲ್ಲಿ ಜನರೇಟರು. ಆಗ ನನಗೆ ಅರ್ಥವಾಯಿತು, ಅವರು ಗೀಟು ಹಾಕಿದ್ದು ಹಳ್ಳಿ ಎಂಬ ಕಾರಣಕ್ಕೆ ಮಾತ್ರ ಅಲ್ಲ. ಅಂಗಳ ಎಂದು ಬರೆದರೆ ಫ್ಲ್ಯಾಟು ನೋಡಲು ಬಂದವನ ಅಮ್ಮ ಕೇಳುತ್ತಾರೆ: 'ಎಲ್ಲಿದೆ ಅಂಗಳ? ಎಷ್ಟು ಸೆಂಟ್ಸ್? ಬಿಸಿಲು ಬೀಳುತ್ತದಾ? ಹಪ್ಪಳ ಒಣಗಿಸಲು ಬಿಡುತ್ತೀರಾ?' ಕೋರ್ಟ್‌ಯಾರ್ಡ್ ಎಂದರೆ ಅಮ್ಮ ಸುಮ್ಮನಿರುತ್ತಾರೆ. ಗೊತ್ತಿರುವ ಶಬ್ದಕ್ಕೆ ಅಳತೆ ಕೇಳುವ ಧೈರ್ಯ ಜನರಿಗಿದೆ, ಗೊತ್ತಿಲ್ಲದ ಶಬ್ದದ ಮುಂದೆ ತಲೆಯಾಡಿಸುತ್ತಾರೆ.

2016ರ ರಿಯಲ್ ಎಸ್ಟೇಟ್ ಕಾಯಿದೆ, ಅಂದರೆ ನಾವು ರೇರಾ ಎನ್ನುವುದು, ಅದರ 2ನೇ ಕಲಮಿನಲ್ಲಿ ಎಲ್ಲರಿಗೂ ಸೇರಿದ ಜಾಗ ಯಾವುದೆಂದು ಪಟ್ಟಿ ಇದೆ. ಮೆಟ್ಟಿಲು, ಲಿಫ್ಟು, ತಾರಸಿ, ಪಾರ್ಕು, ಆಟದ ಜಾಗ, ತೆರೆದ ಪಾರ್ಕಿಂಗ್ ಎಲ್ಲ ಇದೆ. ಕೋರ್ಟ್‌ಯಾರ್ಡ್ ಎಂಬ ಶಬ್ದ ಅದರಲ್ಲಿ ಇಲ್ಲ. ಹಾಗಾಗಿ ಬ್ರೋಷರಿನ ಕೋರ್ಟ್‌ಯಾರ್ಡನ್ನು ನಂಬಿ ಸಹಿ ಹಾಕಬೇಡಿ. ಕರಾರುಪತ್ರದಲ್ಲಿ ಅದು ಯಾವ ಹೆಸರಿನಲ್ಲಿದೆ, ಎಷ್ಟು ಚದರ ಅಡಿ, ಯಾರ ಹಕ್ಕು ಎಂದು ಬರೆಸಿಕೊಳ್ಳಿ. ಅದೇ ಕಾಯಿದೆಯ 12ನೇ ಕಲಮಿನ ಪ್ರಕಾರ ಜಾಹೀರಾತಿನ ಸುಳ್ಳು ನಂಬಿ ದುಡ್ಡು ಕೊಟ್ಟು ನಷ್ಟವಾದರೆ ಪರಿಹಾರ ಕೇಳಬಹುದು, ಬೇಡವೆಂದು ಹಿಂದೆ ಸರಿದರೆ ಬಡ್ಡಿ ಸಮೇತ ಹಣ ವಾಪಸು ಕೇಳಬಹುದು. ಬ್ರೋಷರು ಎಸೆಯಬೇಡಿ, ಕಪಾಟಿನಲ್ಲಿ ಇಟ್ಟುಕೊಳ್ಳಿ.

ಕೊನೆಗೆ ನಾಮಫಲಕ. ನಮ್ಮ ಹೋರಾಟಗಾರರು ಬೀದಿಗಿಳಿದ ಮೇಲೆ 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಗೆ ತಿದ್ದುಪಡಿ ಬಂತು. ಬೋರ್ಡಿನ ಮೇಲುಭಾಗದಲ್ಲಿ, ಶೇಕಡಾ 60ರಷ್ಟು ಕನ್ನಡ ಇರಬೇಕು. ಸಂತೋಷ. ಅಂಗಡಿಯವರು ಏನು ಮಾಡಿದರು? 'ದಿ ಕೋರ್ಟ್‌ಯಾರ್ಡ್' ಎಂದು ಕನ್ನಡ ಲಿಪಿಯಲ್ಲಿ ದೊಡ್ಡದಾಗಿ ಬರೆಸಿದರು! ಅಳತೆಗೆ ಅರವತ್ತು, ಕನ್ನಡ ಸೊನ್ನೆ. ನಗರಸಭೆಯ ಇನ್‌ಸ್ಪೆಕ್ಟರ್ ಟೇಪು ಹಿಡಿದು ಅಳೆದು ಸರಿ ಇದೆ ಎಂದು ಬರೆದುಕೊಂಡು ಹೋಗುತ್ತಾರೆ. ಅವರ ತಪ್ಪಲ್ಲ, ಕಾಯಿದೆ ಅಳೆಯುವುದು ಅಕ್ಷರವನ್ನು. ಅದರೊಳಗಿನ ಶಬ್ದವನ್ನು ಅಳೆಯಬೇಕಾದವರು ಗಿರಾಕಿಗಳು, ಅಂದರೆ ನೀವು. ಕಾಫಿ ಕುಡಿಯಲು ಹೋದಾಗ ಮಾಲೀಕರನ್ನು ನಗುನಗುತ್ತ ಕೇಳಿ, 'ಅಣ್ಣ, ಅಂಗಳ ಎಂದು ಹಾಕಿದ್ದರೆ ಕಾಫಿ ಕಹಿಯಾಗುತ್ತಿತ್ತಾ?' ಎಂದು. ಹತ್ತು ಮಂದಿ ಕೇಳಿದರೆ ಹನ್ನೊಂದನೆಯ ಬೋರ್ಡು ಬದಲಾದೀತು. ಕಲ್ಲು ಹೊಡೆಯುವುದು ಬೇಡ, ಮಸಿ ಬಳಿಯುವುದೂ ಬೇಡ. ಮಸಿಯ ಬೆಲೆ ನನಗೆ ಗೊತ್ತು.

ಮತ್ತೆ, ನಿಮ್ಮ ಮದುವೆ ನಿಶ್ಚಯವಾದಾಗ ಕರೆಯೋಲೆಯಲ್ಲಿ 'ವೆನ್ಯೂ' ಎಂದು ಬರೆದು ತರಬೇಡಿ. ಮನೆಯೆದುರು ಚಪ್ಪರವಾದರೆ 'ಮನೆಯಂಗಳದಲ್ಲಿ' ಎನ್ನಿ, ದೇವಸ್ಥಾನದ ಬಳಿಯಾದರೆ 'ವಠಾರದಲ್ಲಿ' ಎನ್ನಿ, ಹಾಲ್ ಆದರೆ ಸಭಾಂಗಣ ಇದ್ದೇ ಇದೆ. ನಮ್ಮ ಪ್ರೆಸ್ಸಿನಲ್ಲಿ ಅಂಗಳಕ್ಕೂ ಕೋರ್ಟ್‌ಯಾರ್ಡಿಗೂ ರೇಟು ಒಂದೇ. ಅಂಗಳಕ್ಕೆ ಜಾಗ ಕಡಿಮೆ ಸಾಕು, ಉಳಿದದ್ದರಲ್ಲಿ ವಧೂವರರ ಹೆಸರನ್ನು ಒಂದಿಷ್ಟು ದಪ್ಪ ಅಕ್ಷರದಲ್ಲಿ ಹಾಕಿ ಕೊಡುತ್ತೇನೆ.